ಸಣ್ಣ ಕಾರುಗಳ ಚಾಸಿಸ್ ಬಲವರ್ಧನೆ: ತಿರುವುಗಳಲ್ಲಿನ ಸ್ಥಿರತೆ ಮತ್ತು ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಸಣ್ಣ ಕಾರುಗಳ ಮಾಲೀಕರಲ್ಲಿ ಅನೇಕರು ತಮ್ಮ ವಾಹನವು ತಿರುವುಗಳಲ್ಲಿ ಇನ್ನಷ್ಟು ಸ್ಥಿರವಾಗಿ ಚಲಿಸಬೇಕೆಂಬ ಉದ್ದೇಶದಿಂದ ಚಾಸಿಸ್ ಬ್ರೇಸ್‌ಗಳನ್ನು, ಅಂದರೆ ವಾಹನದ ದೇಹವನ್ನು ಬಿಗಿಗೊಳಿಸುವ ಲೋಹದ ಅಡ್ಡಪಟ್ಟಿಗಳನ್ನು, ಅಳವಡಿಸಿಕೊಳ್ಳುತ್ತಿದ್ದಾರೆ. ಇಂತಹ ಭಾಗಗಳು ಬಿಡಿಭಾಗಗಳ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತವೆ ಮತ್ತು ಗ್ಯಾರೇಜುಗಳಲ್ಲಿ ಒಂದೆರಡು ಗಂಟೆಗಳಲ್ಲಿ ಅಳವಡಿಸಲ್ಪಡುತ್ತವೆ. ಆದರೆ ಇವುಗಳಿಂದ ದೊರೆಯುವ ನೈಜ ಪ್ರಯೋಜನವೇನು, ಯಾವ ಬಗೆಯ ಅಳವಡಿಕೆಯು ವಾಹನದ ಸುರಕ್ಷತೆಗೆ ಧಕ್ಕೆ ತರುತ್ತದೆ ಹಾಗೂ ಯಾವುದು ಮೋಟಾರು ವಾಹನಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬ ಬಗ್ಗೆ ಸ್ಪಷ್ಟ ತಿಳುವಳಿಕೆ ಇಲ್ಲದಿರುವುದು ಸಾಮಾನ್ಯ.

ಈ ತಿಳುವಳಿಕೆಯ ಕೊರತೆಯು ಹಲವು ವರ್ಷಗಳ ನಂತರ ತೊಂದರೆಯಾಗಿ ಪರಿಣಮಿಸಬಹುದು. ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಿದಾಗ, ಮಾಲೀಕತ್ವ ವರ್ಗಾವಣೆಯ ಸಮಯದಲ್ಲಿ ಅಥವಾ ಅಪಘಾತದ ನಂತರ ವಿಮಾ ಪರಿಹಾರ ಕೋರಿದಾಗ, ಎಂದೋ ಮಾಡಿಸಿದ ಬೆಸುಗೆಯೊಂದು ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ಆದ್ದರಿಂದ ಬ್ರೇಸ್ ಅಳವಡಿಸುವ ಮುನ್ನ ಮಾಲೀಕರು ಪರಿಶೀಲಿಸಬೇಕಾದ ತಾಂತ್ರಿಕ ಹಾಗೂ ಕಾನೂನು ಸಂಬಂಧಿತ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

2. ಸಣ್ಣ ಕಾರಿನ ದೇಹರಚನೆ

ಲಾರಿ, ಬಸ್ಸುಗಳಲ್ಲಿ ಉದ್ದನೆಯ ಉಕ್ಕಿನ ಚೌಕಟ್ಟೊಂದು ಕೆಳಗಿದ್ದು, ಅದರ ಮೇಲೆ ದೇಹವನ್ನು ಕೂರಿಸಲಾಗಿರುತ್ತದೆ. ಇಂದಿನ ಸಣ್ಣ ಕಾರುಗಳಲ್ಲಿ ಹೀಗೆ ಪ್ರತ್ಯೇಕ ಚೌಕಟ್ಟು ಇರುವುದಿಲ್ಲ. ತಗಡಿನ ಹಾಳೆಗಳನ್ನು ಅಚ್ಚೊತ್ತಿ, ಒಂದಕ್ಕೊಂದು ಬೆಸೆದು, ನೆಲ, ಕಂಬ, ಚಾವಣಿ ಎಲ್ಲವೂ ಸೇರಿ ಒಂದೇ ಪೆಟ್ಟಿಗೆಯಂತೆ ಭಾರ ಹೊರುವ ಹಾಗೆ ದೇಹವನ್ನು ರಚಿಸಲಾಗುತ್ತದೆ. ಇದನ್ನು ಮೊನೊಕಾಕ್ ರಚನೆ ಎನ್ನುತ್ತಾರೆ. ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ (1922) ಹಾಗೂ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಷನ್ ಅವಾಂ (1934) ಕಾರುಗಳು ಈ ಬಗೆಯ ರಚನೆಯ ಆರಂಭಿಕ ಮಾದರಿಗಳಲ್ಲಿ ಪ್ರಮುಖವಾದವು.

ಮಾರುತಿ ಸುಜುಕಿ ಸ್ವಿಫ್ಟ್, ಹ್ಯುಂಡೈ ಐ20 ಮುಂತಾದ ಸಣ್ಣ ಕಾರುಗಳಲ್ಲಿ ಮುಂಭಾಗದ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ವಿಧಾನದ್ದಾಗಿದ್ದು, ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್ ಇರುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಸ್ಟ್ರಟ್ ವಿಧಾನವು 1950ರ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಳಕೆಗೆ ಬಂದು, ಕಡಿಮೆ ಜಾಗ ಹಾಗೂ ಕಡಿಮೆ ವೆಚ್ಚದ ಕಾರಣ ಜಗತ್ತಿನಾದ್ಯಂತ ಸಣ್ಣ ಕಾರುಗಳಿಗೆ ಹರಡಿತು.

ಈ ವಿಧಾನದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಕೂಡಿಕೊಂಡಿರುತ್ತವೆ. ಕಂಬದ ಕೆಳತುದಿಯನ್ನು ಲೋಯರ್ ಆರ್ಮ್ ಹಿಡಿದಿರುತ್ತದೆ. ಮೇಲ್ತುದಿಯು ಬಾನೆಟ್ಟಿನ ಒಳಗೆ ಎಡಬಲಗಳಲ್ಲಿ ಕಾಣುವ ಗೋಪುರದಂತಹ ಉಬ್ಬುಗಳಿಗೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಇವುಗಳನ್ನು ಸ್ಟ್ರಟ್ ಟವರ್ ಎನ್ನುತ್ತಾರೆ. ಎರಡು ಟವರ್‌ಗಳ ನಡುವೆ ಎಂಜಿನ್ ಇರುವುದರಿಂದ ಆ ಭಾಗದಲ್ಲಿ ದೇಹದ ಪೆಟ್ಟಿಗೆಯು ತೆರೆದಂತಿರುತ್ತದೆ. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯು ಮುಚ್ಚಳವಿರುವುದಕ್ಕಿಂತ ಸುಲಭವಾಗಿ ತಿರುಚಿಕೊಳ್ಳುವಂತೆ, ಈ ತೆರೆದ ಭಾಗವೂ ಉಳಿದ ಭಾಗಗಳಿಗಿಂತ ಹೆಚ್ಚು ಬಳುಕುವ ಸಾಧ್ಯತೆ ಇರುತ್ತದೆ. ಹಿಂದೆ ಡಿಕ್ಕಿಯ ದೊಡ್ಡ ಬಾಗಿಲಿರುವ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಹಿಂಭಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ.

3. ತಿರುವಿನಲ್ಲಿ ನಡೆಯುವುದೇನು

ವಾಹನವು ತಿರುವಿನಲ್ಲಿ ಸಾಗುವಾಗ ಅದನ್ನು ತಿರುವಿನ ಒಳಮುಖವಾಗಿ ಎಳೆದು ಹಿಡಿಯುವ ಬಲವು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯಿಂದ ಮಾತ್ರವೇ ದೊರೆಯುತ್ತದೆ. ಈ ಬಲದ ಅಗತ್ಯವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಉದಾಹರಣೆಗೆ, 1,000 ಕಿಲೋಗ್ರಾಂ ತೂಕದ ಕಾರು 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗಲು ಸುಮಾರು 2,470 ನ್ಯೂಟನ್ ಪಾರ್ಶ್ವಬಲ ಬೇಕು. ವೇಗವು 60 ಕಿಲೋಮೀಟರ್‌ಗೆ ಏರಿದರೆ ಸುಮಾರು 5,560 ನ್ಯೂಟನ್ ಬೇಕಾಗುತ್ತದೆ. ವೇಗವು ಒಂದೂವರೆ ಪಟ್ಟಾದರೆ ಬಲವು ಎರಡೂಕಾಲು ಪಟ್ಟಾಗುತ್ತದೆ.

ಈ ಬಲವು ಟೈರಿನಿಂದ ಚಕ್ರಕ್ಕೆ, ಚಕ್ರದಿಂದ ಲೋಯರ್ ಆರ್ಮ್ ಮತ್ತು ಸ್ಟ್ರಟ್‌ಗೆ, ಅಲ್ಲಿಂದ ದೇಹಕ್ಕೆ ಸಾಗುತ್ತದೆ. ದೇಹವು ಸಂಪೂರ್ಣ ಗಡಸಾಗಿರದ ಕಾರಣ ಸ್ಟ್ರಟ್ ಟವರ್‌ಗಳು ಕಣ್ಣಿಗೆ ಕಾಣದಷ್ಟು ಅಲುಗುತ್ತವೆ. ಸ್ಟ್ರಟ್‌ನ ಕೆಳತುದಿಯಿಂದ ಮೇಲ್ತುದಿಗೆ 600 ಮಿಲಿಮೀಟರ್ ಅಂತರವಿದೆ ಎಂದುಕೊಂಡರೆ, ಮೇಲ್ತುದಿಯು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಾಗ ಚಕ್ರದ ಓರೆ, ಅಂದರೆ ಕ್ಯಾಂಬರ್, ಸುಮಾರು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಬದಲಾಗುತ್ತದೆ. ಇದು ಅತಿ ಸಣ್ಣ ಬದಲಾವಣೆ. ಆದರೂ ಟೈರು ನೆಲಕ್ಕೆ ಊರಿಕೊಳ್ಳುವ ರೀತಿಯಲ್ಲಿ ಮತ್ತು ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರು ತಿರುಗುವ ಕ್ಷಣಕ್ಕೂ ನಡುವಿನ ವಿಳಂಬದಲ್ಲಿ ಅನುಭವಸ್ಥ ಚಾಲಕರಿಗೆ ಇದು ಗೋಚರವಾಗಬಹುದು. ಈ ಅಲುಗಾಟವನ್ನು ಕಡಿಮೆ ಮಾಡುವುದೇ ಬ್ರೇಸ್‌ನ ಕೆಲಸ.

4. ಬ್ರೇಸ್‌ಗಳ ವಿಧಗಳು

ಅ) ಮುಂಭಾಗದ ಸ್ಟ್ರಟ್ ಬಾರ್: ಬಾನೆಟ್ಟಿನ ಒಳಗೆ ಎಡ ಮತ್ತು ಬಲ ಸ್ಟ್ರಟ್ ಟವರ್‌ಗಳನ್ನು ಜೋಡಿಸುವ ಅಡ್ಡಪಟ್ಟಿ. ಸಾಮಾನ್ಯವಾಗಿ ಸ್ಟ್ರಟ್‌ನ ಮೇಲ್ತುದಿಯ ಮೂಲ ಬೋಲ್ಟುಗಳಿಗೇ ಇದನ್ನು ಬಿಗಿಯಲಾಗುತ್ತದೆ.

ಆ) ಕೆಳಭಾಗದ ಬ್ರೇಸ್: ಕಾರಿನ ಅಡಿಯಲ್ಲಿ ಲೋಯರ್ ಆರ್ಮ್‌ಗಳ ಹಿಡಿಕೆಗಳನ್ನು ಅಡ್ಡಲಾಗಿ ಜೋಡಿಸುವ ಪಟ್ಟಿ. ಪಾರ್ಶ್ವಬಲದ ಹೆಚ್ಚಿನ ಪಾಲು ಲೋಯರ್ ಆರ್ಮ್‌ನ ಮೂಲಕವೇ ಸಾಗುವುದರಿಂದ ಈ ಸ್ಥಳವು ಮಹತ್ವದ್ದು. ಆದರೆ ಇದು ನೆಲದಿಂದ ಕಾರಿಗಿರುವ ಅಂತರವನ್ನು ಕಡಿಮೆ ಮಾಡಿದರೆ ರಸ್ತೆ ಉಬ್ಬುಗಳಿಗೆ ತಾಗುವ ಅಪಾಯವಿರುತ್ತದೆ.

ಇ) ಹಿಂಭಾಗದ ಬ್ರೇಸ್: ಡಿಕ್ಕಿಯ ಒಳಗೆ ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿಗಳ ನಡುವೆ ಅಳವಡಿಸುವ ಪಟ್ಟಿ. ಸಾಮಾನುಗಳು ಅಡ್ಡಾದಿಡ್ಡಿಯಾಗಿ ತಾಗದಂತೆ ಮತ್ತು ಹಿಂದಿನ ಸೀಟಿನ ಬೆಲ್ಟುಗಳಿಗೆ ಅಡಚಣೆಯಾಗದಂತೆ ಇದು ಇರತಕ್ಕದ್ದು.

ಈ) ಆ್ಯಂಟಿ ರೋಲ್ ಬಾರ್: ಇದನ್ನು ಹಲವರು ಬ್ರೇಸ್ ಎಂದೇ ತಿಳಿದಿರುತ್ತಾರೆ. ಆದರೆ ಇದು ದೇಹವನ್ನು ಬಿಗಿಗೊಳಿಸುವ ಭಾಗವಲ್ಲ, ಸಸ್ಪೆನ್ಷನ್ನಿನ ಭಾಗ. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲುವುದನ್ನು ಇದು ತಡೆಯುತ್ತದೆ. ಮುಂಭಾಗದ ಬಾರನ್ನು ಮಾತ್ರ ದಪ್ಪಗೊಳಿಸಿದರೆ ಕಾರು ತಿರುವಿನಿಂದ ಹೊರಕ್ಕೆ ನೇರವಾಗಿ ಜಾರುವ ಪ್ರವೃತ್ತಿಯೂ, ಹಿಂಭಾಗದ್ದನ್ನು ಮಾತ್ರ ದಪ್ಪಗೊಳಿಸಿದರೆ ಹಿಂದಿನ ಚಕ್ರಗಳು ಜಾರಿ ಕಾರು ಸುತ್ತಿಕೊಳ್ಳುವ ಪ್ರವೃತ್ತಿಯೂ ಹೆಚ್ಚುತ್ತದೆ. ತಯಾರಕರು ನಿಗದಿಪಡಿಸಿದ ಸಮತೋಲನವು ಇದರಿಂದ ಬದಲಾಗುವುದರಿಂದ ಇದನ್ನು ಸಾಮಾನ್ಯ ಬ್ರೇಸ್‌ನಂತೆ ಪರಿಗಣಿಸಬಾರದು.

ಬ್ರೇಸ್ ಆರಿಸುವಾಗ ಹೊಳಪಿಗಿಂತ ರಚನೆ ಮುಖ್ಯ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವು ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು ಸುಮಾರು 70 ಗಿಗಾಪಾಸ್ಕಲ್. ಅಂದರೆ ಒಂದೇ ಗಾತ್ರದ ಕೊಳವೆಯಲ್ಲಿ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ಗಡಸುತನವನ್ನು ಮಾತ್ರ ನೀಡುತ್ತದೆ. ಎಂಜಿನ್ ಭಾಗಗಳನ್ನು ತಪ್ಪಿಸಲು ಹೆಚ್ಚು ಬಾಗಿಸಿದ ಪಟ್ಟಿಗಳು ಮತ್ತು ಎರಡೂ ತುದಿಗಳಲ್ಲಿ ಕೀಲಿನಂತೆ ಒಂದೇ ಬೋಲ್ಟಿನ ಮೇಲೆ ತಿರುಗುವ ಪಟ್ಟಿಗಳು ನೇರವಾದ ಹಾಗೂ ದೃಢವಾಗಿ ಕೂಡಿಸಿದ ಪಟ್ಟಿಗಳಷ್ಟು ಕೆಲಸ ಮಾಡುವುದಿಲ್ಲ.

5. ಪ್ರಯೋಜನ ಮತ್ತು ಮಿತಿ

ಸರಿಯಾಗಿ ಅಳವಡಿಸಿದ ಬ್ರೇಸ್‌ನಿಂದ ಸ್ಟಿಯರಿಂಗ್ ಸ್ಪಂದನೆಯು ತುಸು ಚುರುಕಾಗಬಹುದು, ಒಂದು ತಿರುವಿನಿಂದ ಮತ್ತೊಂದಕ್ಕೆ ಹೊರಳುವಾಗ ಕಾರು ಹೆಚ್ಚು ಅಚ್ಚುಕಟ್ಟಾಗಿ ಅನುಸರಿಸಬಹುದು. ದೀರ್ಘಕಾಲ ಬಳಸಿ ದೇಹವು ಸಡಿಲಗೊಂಡ ಕಾರುಗಳಲ್ಲಿ ಈ ವ್ಯತ್ಯಾಸ ಹೆಚ್ಚು ತಿಳಿಯಬಹುದು. ಮೊದಲೇ ಗಡಸಾದ ದೇಹವಿರುವ ಇತ್ತೀಚಿನ ಮಾದರಿಗಳಲ್ಲಿ ವ್ಯತ್ಯಾಸವು ಅತ್ಯಲ್ಪವಾಗಿರಬಹುದು.

ಆದರೆ ಎಲ್ಲ ಮಾಲೀಕರೂ ನೆನಪಿನಲ್ಲಿಡಬೇಕಾದ ಮುಖ್ಯ ಅಂಶವೆಂದರೆ, ಬ್ರೇಸ್ ರಸ್ತೆಯ ಮೇಲಿನ ಹಿಡಿತವನ್ನು ಸೃಷ್ಟಿಸುವುದಿಲ್ಲ. ಹಿಡಿತವು ಟೈರಿನದು. ಒಣ ಡಾಂಬರು ರಸ್ತೆಯಲ್ಲಿ ಟೈರು ಸಾಮಾನ್ಯವಾಗಿ ತನ್ನ ಮೇಲಿನ ಭಾರದ ಶೇಕಡ 70ರಿಂದ 80ರಷ್ಟು ಪಾರ್ಶ್ವಬಲವನ್ನು ತಾಳಬಲ್ಲದು. ಒದ್ದೆ ರಸ್ತೆಯಲ್ಲಿ ಇದು ಗಣನೀಯವಾಗಿ ಇಳಿಯುತ್ತದೆ, ಸವೆದ ಟೈರಿನಲ್ಲಿ ಇನ್ನೂ ಇಳಿಯುತ್ತದೆ.

ತೀರ್ಥಹಳ್ಳಿಯ ಕಡೆಯಿಂದ ಕರಾವಳಿಗೆ ಇಳಿಯುವ ಆಗುಂಬೆ ಘಾಟಿಯಂತಹ, 14 ಹೇರ್‌ಪಿನ್ ತಿರುವುಗಳಿರುವ ರಸ್ತೆಯನ್ನು ಗಮನಿಸಬಹುದು. 12 ಮೀಟರ್ ತ್ರಿಜ್ಯದ ಕಡಿದಾದ ತಿರುವೊಂದರಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರಿಗೆ ತನ್ನ ತೂಕದ ಶೇಕಡ 26ರಷ್ಟು ಪಾರ್ಶ್ವಬಲ ಬೇಕು. ಅದೇ ತಿರುವಿನಲ್ಲಿ 30 ಕಿಲೋಮೀಟರ್ ವೇಗಕ್ಕೆ ಶೇಕಡ 59ರಷ್ಟು ಬೇಕಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ, ನೀರು ಹರಿಯುವ ರಸ್ತೆಯು ಅಷ್ಟನ್ನು ನೀಡದೇ ಹೋಗಬಹುದು. ಹೆಚ್ಚಿಸಿದ ಆ ಹತ್ತು ಕಿಲೋಮೀಟರ್ ವೇಗವನ್ನು ಯಾವ ಬ್ರೇಸ್ ಸಹ ಸರಿದೂಗಿಸಲಾರದು. ಬದಲಾಗಿ, ಬಿಗಿಯಾದ ಕಾರು ಕೊನೆಯ ಕ್ಷಣದವರೆಗೂ ಸ್ಥಿರವಾಗಿರುವಂತೆ ತೋರುವುದರಿಂದ ಚಾಲಕರಿಗೆ ಮುನ್ಸೂಚನೆ ತಡವಾಗಿ ದೊರೆಯುವ ಅಪಾಯವೂ ಇದೆ.

6. ಬ್ರೇಸ್‌ಗೆ ಮುನ್ನ ಮಾಡಿಸಬೇಕಾದ ಕೆಲಸಗಳು

ಕಾರು ತಿರುವಿನಲ್ಲಿ ಅಲುಗಾಡುತ್ತದೆ ಅಥವಾ ಎಳೆಯುತ್ತದೆ ಎಂಬ ದೂರಿಗೆ ಹಲವು ಬಾರಿ ಕಾರಣವು ದೇಹದ ಬಳುಕಲ್ಲ, ಸವೆದ ಭಾಗಗಳು. ಆದ್ದರಿಂದ ಮಾಲೀಕರು ಮೊದಲು ಈ ಕೆಳಕಂಡವುಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ:

- ಟೈರಿನ ಗಾಳಿಯ ಒತ್ತಡವು ಚಾಲಕರ ಬಾಗಿಲಿನ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ನಮೂದಿಸಿರುವಷ್ಟು ಇರಬೇಕು.
- ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಪ್ರಕಾರ ಕಾರಿನ ಟೈರಿನ ತೋಡಿನ ಆಳವು 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ತೋಡಿನಲ್ಲಿರುವ ಸವೆತ ಸೂಚಕ ಉಬ್ಬು ಟೈರಿನ ಮೇಲ್ಮೈಗೆ ಸಮವಾಗಿದ್ದರೆ ಟೈರನ್ನು ಬದಲಿಸತಕ್ಕದ್ದು.
- ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಮತ್ತು ಸ್ಟ್ರಟ್‌ನ ಮೇಲಿನ ಮೌಂಟ್‌ಗಳಲ್ಲಿ ಸಡಿಲಿಕೆ ಇರಬಾರದು.
- ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಸೋರುತ್ತಿರಬಾರದು.
- ವ್ಹೀಲ್ ಅಲೈನ್‌ಮೆಂಟ್ ತಯಾರಕರ ಅಳತೆಯೊಳಗೆ ಇರಬೇಕು.

ಈ ದುರಸ್ತಿಗಳಿಗೆ ಯಾವುದೇ ಅನುಮತಿಯ ಅಗತ್ಯವಿರುವುದಿಲ್ಲ. ಇವುಗಳನ್ನು ಪೂರೈಸಿದ ನಂತರ ಕಾರಿನ ನಡತೆ ಸಮಾಧಾನಕರವಾಗಿದ್ದಲ್ಲಿ ಬ್ರೇಸ್‌ನ ಅವಶ್ಯಕತೆಯೇ ಉಂಟಾಗದಿರಬಹುದು.

7. ಅಪಘಾತ ಸುರಕ್ಷತೆ

ಕಾರಿನ ಮುಂಭಾಗವನ್ನು ಅಪಘಾತದ ವೇಳೆ ನಿಯಂತ್ರಿತವಾಗಿ ಕುಸಿಯುವಂತೆ ರೂಪಿಸಲಾಗಿರುತ್ತದೆ. ಆ ಕುಸಿತವು ಆಘಾತದ ಶಕ್ತಿಯನ್ನು ಹೀರಿಕೊಂಡು ಒಳಗಿರುವವರನ್ನು ರಕ್ಷಿಸುತ್ತದೆ. ಭಾರತದಲ್ಲಿ 2017ರ ಅಕ್ಟೋಬರ್‌ನಿಂದ ಹೊಸ ಮಾದರಿಯ ಕಾರುಗಳು ಮುಂಭಾಗದ ಹಾಗೂ ಪಕ್ಕದ ಡಿಕ್ಕಿ ಪರೀಕ್ಷೆಗಳ ಮಾನದಂಡಗಳಾದ ಎಐಎಸ್ 098 ಮತ್ತು ಎಐಎಸ್ 099 ಅನ್ನು ಪೂರೈಸಬೇಕಾಗಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಸಿಎಪಿ ಕಾರ್ಯಕ್ರಮದಡಿ ಕಾರುಗಳಿಗೆ ನಕ್ಷತ್ರ ಶ್ರೇಣಿಯನ್ನೂ ನೀಡಲಾಗುತ್ತಿದೆ. ಈ ಪರೀಕ್ಷೆಗಳು ತಯಾರಕರು ನೀಡಿದ ರೂಪದಲ್ಲಿರುವ ಕಾರಿಗೆ ಸಂಬಂಧಿಸಿದವು. ದೇಹಕ್ಕೆ ಹೊಸ ಉಕ್ಕನ್ನು ಬೆಸೆದ ಕಾರು ಅದೇ ರೀತಿ ವರ್ತಿಸುವುದೆಂದು ಯಾವ ಪರೀಕ್ಷೆಯೂ ಖಾತರಿಪಡಿಸುವುದಿಲ್ಲ.

ಮುಖ್ಯವಾಗಿ ಗಮನಿಸಬೇಕಾದ ಅಪಾಯಗಳು ಮೂರು. ಒಂದನೆಯದಾಗಿ, ಬೆಸುಗೆಯ ಶಾಖವು ಅಧಿಕ ಸಾಮರ್ಥ್ಯದ ಉಕ್ಕಿನ ಗುಣವನ್ನು ಕುಂದಿಸುತ್ತದೆ ಹಾಗೂ ತುಕ್ಕು ನಿರೋಧಕ ಲೇಪನವನ್ನು ಸುಟ್ಟುಹಾಕುತ್ತದೆ. ಎರಡನೆಯದಾಗಿ, ಏರ್‌ಬ್ಯಾಗಿನ ಸಂವೇದಕಗಳ ಬಳಿ ರಂಧ್ರ ಕೊರೆದರೆ ಅಥವಾ ತಂತಿಗಳನ್ನು ಸರಿಸಿದರೆ ಏರ್‌ಬ್ಯಾಗ್ ಸಕಾಲದಲ್ಲಿ ತೆರೆಯದೇ ಹೋಗಬಹುದು. ಮೂರನೆಯದಾಗಿ, ಬಾನೆಟ್ಟಿಗೆ ತೀರಾ ಹತ್ತಿರವಿರುವ ಗಡಸು ಪಟ್ಟಿಯು ಪಾದಚಾರಿಯ ತಲೆ ಬಾನೆಟ್ಟಿಗೆ ಬಡಿದಾಗ ಅದು ತಗ್ಗಲು ಬೇಕಾದ ಜಾಗವನ್ನು ಕಸಿದುಕೊಳ್ಳುತ್ತದೆ. ರಸ್ತೆ ಬದಿಯಲ್ಲಿ ನಡೆಯುವವರ ಸುರಕ್ಷತೆಯೂ ವಾಹನ ಮಾಲೀಕರ ಹೊಣೆಯೇ ಆಗಿದೆ.

8. ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ಇಲ್ಲಿ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವು ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ ಎಂದು ಕಾಯ್ದೆಯೇ ವಿವರಿಸಿದೆ. ಇಂಧನ ಬದಲಾವಣೆಯಂತಹ ಕೆಲವು ಸಂದರ್ಭಗಳಿಗೆ ಷರತ್ತುಗಳೊಂದಿಗೆ ಅವಕಾಶ ನೀಡಲಾಗಿದೆ. ದೇಹದ ಚೌಕಟ್ಟನ್ನು ಕತ್ತರಿಸಿ ಬೆಸೆಯಲು ಅಂತಹ ಸಾಮಾನ್ಯ ವಿನಾಯಿತಿ ಇರುವುದಿಲ್ಲ.

ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿ, ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷ ಆದ ತಿದ್ದುಪಡಿಯ ಮೂಲಕ ಸೇರಿಸಲಾದ 182ಎ ಪ್ರಕರಣದ ಪ್ರಕಾರ, ಕಾಯ್ದೆ ಮತ್ತು ನಿಯಮಗಳು ಅನುಮತಿಸದ ರೀತಿಯಲ್ಲಿ, ಬಿಡಿಭಾಗಗಳನ್ನು ನಂತರ ಅಳವಡಿಸುವುದೂ ಸೇರಿದಂತೆ, ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಾಹನವು ಸಾರ್ವಜನಿಕ ಸ್ಥಳದಲ್ಲಿ ಅಪಾಯಕಾರಿ ಎಂದು ನಂಬಲು ಕಾರಣವಿದ್ದಲ್ಲಿ ನೋಂದಣಿಯನ್ನು ಅಮಾನತಿನಲ್ಲಿಡುವ ಅಧಿಕಾರವೂ 53ನೇ ಪ್ರಕರಣದಡಿ ನೋಂದಣಿ ಪ್ರಾಧಿಕಾರಕ್ಕೆ ಇದೆ.

9. ಅಳವಡಿಕೆಗಳ ವರ್ಗೀಕರಣ

ಕಾಯ್ದೆಯು ಬ್ರೇಸ್‌ಗಳನ್ನು ಹೆಸರಿಸಿ ಪಟ್ಟಿ ಮಾಡಿಲ್ಲ. ಆದ್ದರಿಂದ ಮಾಲೀಕರು ತಮ್ಮ ಯೋಜನೆಯು ಈ ಕೆಳಗಿನ ಯಾವ ಗುಂಪಿಗೆ ಸೇರುತ್ತದೆ ಎಂದು ಯೋಚಿಸಿ ಮುಂದುವರಿಯುವುದು ಹಿತಕರ.

ಮೊದಲನೆಯ ಗುಂಪು: ತಯಾರಕರೇ ಆ ಮಾದರಿಗೆ ಒದಗಿಸುವ ಅಥವಾ ಒಪ್ಪಿರುವ, ಮೂಲ ಬೋಲ್ಟುಗಳಿಗೇ ಬಿಗಿಯುವ, ಕೊರೆಯದೆ ಕತ್ತರಿಸದೆ ಅಳವಡಿಸಿ ಬೇಕೆಂದಾಗ ತೆಗೆಯಬಹುದಾದ ಬ್ರೇಸ್‌ಗಳು. ಇವು ನೋಂದಣಿ ಪ್ರಮಾಣಪತ್ರದ ಯಾವ ವಿವರವನ್ನೂ ಬದಲಿಸುವುದಿಲ್ಲ. ತೊಡಕಿನ ಸಂಭವ ಇಲ್ಲಿ ಅತ್ಯಂತ ಕಡಿಮೆ. ಆದರೂ ಬಿಲ್ಲನ್ನು ಮತ್ತು ತಯಾರಕರ ಪತ್ರವನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.

ಎರಡನೆಯ ಗುಂಪು: ಇತರ ಸಂಸ್ಥೆಗಳ ಬೋಲ್ಟ್ ಬ್ರೇಸ್‌ಗಳು, ದಪ್ಪನೆಯ ಆ್ಯಂಟಿ ರೋಲ್ ಬಾರ್‌ಗಳು, ಹೆಚ್ಚುವರಿ ರಂಧ್ರ ಬೇಡುವ ಭಾಗಗಳು. ಇವುಗಳ ಬಗ್ಗೆ ಅಳವಡಿಸುವ ಮುನ್ನವೇ ನೋಂದಣಿ ಪ್ರಾಧಿಕಾರದಿಂದ ಲಿಖಿತ ಅಭಿಪ್ರಾಯ ಪಡೆಯುವುದು ಸೂಕ್ತ.

ಮೂರನೆಯ ಗುಂಪು: ದೇಹದ ಕಂಬ, ನೆಲ, ಚಾಸಿಸ್ ರೈಲುಗಳನ್ನು ಕತ್ತರಿಸುವುದು, ಬೆಸೆಯುವುದು, ಚಾವಣಿಯವರೆಗೆ ಕೊಳವೆಗಳ ಪಂಜರ ಕಟ್ಟುವುದು, ಸೀಟುಗಳನ್ನು ತೆಗೆದು ಪಟ್ಟಿ ಕೂರಿಸುವುದು, ಚಕ್ರಾಂತರ ಬದಲಿಸುವುದು. ಇವು ರಚನೆಯನ್ನೂ ನೋಂದಣಿ ವಿವರಗಳನ್ನೂ ನೇರವಾಗಿ ಬಾಧಿಸುವಂಥವು. ಸಾರ್ವಜನಿಕ ರಸ್ತೆಯಲ್ಲಿ ಬಳಸುವ ಕಾರಿನಲ್ಲಿ ಇವುಗಳನ್ನು ಮಾಡಿಸಬಾರದು.

ಯಾವುದೇ ಗುಂಪಿನಲ್ಲಿ ಚಾಸಿಸ್ ಸಂಖ್ಯೆಯು ಮುಚ್ಚಿಹೋಗಬಾರದು, ಕೆರೆಯಲ್ಪಡಬಾರದು. ಹಲವು ಕಾರುಗಳಲ್ಲಿ ಈ ಸಂಖ್ಯೆಯನ್ನು ಬಾನೆಟ್ಟಿನ ಒಳಗೇ ಕೆತ್ತಿರುವುದರಿಂದ ಸ್ಟ್ರಟ್ ಬಾರ್ ಅಳವಡಿಸುವಾಗ ವಿಶೇಷ ಎಚ್ಚರ ಅಗತ್ಯ. ತಪಾಸಣೆಯ ವೇಳೆ ಸಂಖ್ಯೆಯನ್ನು ಓದಲಾಗದಿದ್ದಲ್ಲಿ ವಾಹನದ ಗುರುತೇ ಸಂದೇಹಕ್ಕೆ ಒಳಗಾಗುತ್ತದೆ.

10. ಅಭಿಪ್ರಾಯ ಅಥವಾ ಅನುಮೋದನೆಗಾಗಿ ಅರ್ಜಿ

ವಾಹನ ನೋಂದಣಿಯಾಗಿರುವ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿ ಅಥವಾ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಯವರ ಕಚೇರಿಗೆ ಅರ್ಜಿದಾರರು ಲಿಖಿತ ಮನವಿ ಸಲ್ಲಿಸಬಹುದು. ಮನವಿಯೊಂದಿಗೆ ಈ ಕೆಳಕಂಡವುಗಳನ್ನು ಲಗತ್ತಿಸುವುದು ಅನುಕೂಲಕರ:

- ನೋಂದಣಿ ಪ್ರಮಾಣಪತ್ರದ ಪ್ರತಿ
- ಚಾಲ್ತಿಯಲ್ಲಿರುವ ವಿಮೆ ಹಾಗೂ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರದ ಪ್ರತಿಗಳು
- ಮಾಲೀಕರ ಗುರುತು ಮತ್ತು ವಿಳಾಸದ ದಾಖಲೆ
- ಅಳವಡಿಸಲಿರುವ ಭಾಗದ ವಿವರ, ತೂಕ, ಚಿತ್ರ ಮತ್ತು ಅಳವಡಿಸುವ ಸ್ಥಳ
- ಕಾರು ತಯಾರಕರ ಅಥವಾ ಭಾಗದ ತಯಾರಕರ ಪತ್ರ, ಇದ್ದಲ್ಲಿ ಪರೀಕ್ಷಾ ಸಂಸ್ಥೆಯ ವರದಿ
- ಸಾಲದ ಮೇಲೆ ಕೊಂಡ ವಾಹನವಾದಲ್ಲಿ ಹಣಕಾಸು ಸಂಸ್ಥೆಯ ಒಪ್ಪಿಗೆ ಪತ್ರ

ಅಗತ್ಯ ಕಂಡುಬಂದಲ್ಲಿ ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ವಾಹನವನ್ನು ಹಾಜರುಪಡಿಸಬೇಕಾಗುತ್ತದೆ. ವಾಹನದಲ್ಲಿ ಮಾರ್ಪಾಡು ಆಗಿದ್ದಲ್ಲಿ 14 ದಿನಗಳೊಳಗೆ ಅದನ್ನು ವರದಿ ಮಾಡಿ, ನಿಗದಿತ ಶುಲ್ಕದೊಂದಿಗೆ ನೋಂದಣಿ ಪ್ರಮಾಣಪತ್ರವನ್ನು ಹಾಜರುಪಡಿಸಬೇಕೆಂದು 52ನೇ ಪ್ರಕರಣವು ತಿಳಿಸುತ್ತದೆ. ವರದಿ ಮಾಡಿದ ಮಾತ್ರಕ್ಕೆ ನಿಷಿದ್ಧ ಮಾರ್ಪಾಡು ಸಕ್ರಮವಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

11. ಅಳವಡಿಕೆಯ ವೇಳೆ ಪಾಲಿಸಬೇಕಾದ ಕ್ರಮಗಳು

ಕಾರು ಸಮತಟ್ಟಾದ ನೆಲದಲ್ಲಿ, ನಾಲ್ಕೂ ಚಕ್ರಗಳ ಮೇಲೆ ನಿಂತಿರುವಾಗಲೇ ಸ್ಟ್ರಟ್ ಬಾರನ್ನು ಬಿಗಿಯಬೇಕು. ಜಾಕ್ ಮೇಲೆ ಎತ್ತಿದ ಕಾರಿಗೆ ಬಿಗಿದರೆ ದೇಹದ ಬಾಗು ಹಾಗೆಯೇ ಉಳಿಯುವ ಸಂಭವವಿದೆ. ಸ್ಟ್ರಟ್‌ನ ಮೇಲ್ತುದಿಯ ನಟ್‌ಗಳನ್ನು ಒಂದೊಂದಾಗಿ ಸಡಿಲಿಸಿ, ತಯಾರಕರ ಕೈಪಿಡಿಯಲ್ಲಿನ ಪ್ರಮಾಣಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಯತಕ್ಕದ್ದು. ಬಾರಿನ ತಟ್ಟೆ ಕೂತ ನಂತರ ನಟ್‌ಗೆ ಸಾಕಷ್ಟು ಎಳೆಗಳು ಉಳಿದಿವೆಯೇ ಎಂದು ನೋಡಿಕೊಳ್ಳಬೇಕು. ಬ್ಯಾಟರಿಯ ತುದಿ, ಬ್ರೇಕ್ ಎಣ್ಣೆಯ ಕೊಳವೆ, ತಂತಿಗಳು ಮತ್ತು ಬಾನೆಟ್ಟಿನ ಒಳಮೈಗೆ ಪಟ್ಟಿ ತಾಗಬಾರದು. ಕೆಲಸ ಮುಗಿದ ಬಳಿಕ ವ್ಹೀಲ್ ಅಲೈನ್‌ಮೆಂಟ್ ಪರೀಕ್ಷಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಬಿಗಿತವನ್ನು ಮರುಪರಿಶೀಲಿಸುವುದು ಒಳಿತು.

12. ವಿಮೆ ಹಾಗೂ ಹಳೆಯ ಕಾರಿನ ಖರೀದಿ

ವಿಮಾ ಒಪ್ಪಂದವು ಪರಸ್ಪರ ನಂಬಿಕೆಯನ್ನು ಆಧರಿಸಿದ್ದು, ವಾಹನಕ್ಕೆ ಸಂಬಂಧಿಸಿದ ಮುಖ್ಯ ಸಂಗತಿಗಳನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಬ್ರೇಸ್ ಅಳವಡಿಸಿದ ಸಂಗತಿಯನ್ನು ವಿಮಾ ಸಂಸ್ಥೆಗೆ ಪತ್ರ ಮುಖೇನ ತಿಳಿಸಿ, ಸ್ವೀಕೃತಿಯನ್ನು ಇಟ್ಟುಕೊಳ್ಳಬೇಕು. ತಿಳಿಸದೆ ಬಿಟ್ಟಲ್ಲಿ ಸ್ವಂತ ಹಾನಿಯ ಪರಿಹಾರದ ಸಂದರ್ಭದಲ್ಲಿ ವಿವಾದ ಉಂಟಾಗಬಹುದು.

ಹಳೆಯ ಕಾರನ್ನು ಕೊಳ್ಳುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಬಾನೆಟ್ ತೆರೆದು ಸ್ಟ್ರಟ್ ಟವರ್‌ಗಳ ಸುತ್ತ ಹೊಸ ಬಣ್ಣ, ಬೆಸುಗೆಯ ಗೆರೆ ಅಥವಾ ಬಿರುಕು ಇದೆಯೇ ಎಂದು ನೋಡಬೇಕು. ಕೆಲವೊಮ್ಮೆ ಅಪಘಾತದಲ್ಲಿ ಬಾಗಿದ ದೇಹವನ್ನು ಮರೆಮಾಚಲೂ ಬ್ರೇಸ್ ಅಳವಡಿಸಿರುವ ಸಾಧ್ಯತೆ ಇರುತ್ತದೆ. ಖಾಸಗಿ ಕಾರಿನ ನೋಂದಣಿಯು 15 ವರ್ಷಗಳ ಅವಧಿಯದಾಗಿದ್ದು, ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆಗೆ ಒಳಪಟ್ಟು ನವೀಕರಿಸಿಕೊಳ್ಳಬೇಕಾಗುತ್ತದೆ. ಹಿಂದಿನ ಮಾಲೀಕರು ಮಾಡಿಸಿದ ಅಕ್ರಮ ಮಾರ್ಪಾಡಿನ ಪರಿಣಾಮವನ್ನು ಆ ಸಮಯದಲ್ಲಿ ಎದುರಿಸಬೇಕಾದವರು ಅಂದಿನ ಮಾಲೀಕರೇ ಆಗಿರುತ್ತಾರೆ. ಆದ್ದರಿಂದ ನಮೂನೆ 29 ಮತ್ತು 30ಕ್ಕೆ ಸಹಿ ಹಾಕುವ ಮುನ್ನವೇ ಈ ಪರಿಶೀಲನೆ ನಡೆಯಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ಟ್ರಟ್ ಬಾರ್ ಹಾಕಿಸಿದರೆ ಘಾಟಿಯಲ್ಲಿ ಹೆಚ್ಚು ವೇಗವಾಗಿ ಹೋಗಬಹುದೇ?
ಉತ್ತರ: ಇಲ್ಲ. ತಿರುವಿನ ವೇಗವನ್ನು ಟೈರು, ರಸ್ತೆಯ ಸ್ಥಿತಿ ಮತ್ತು ತಿರುವಿನ ತ್ರಿಜ್ಯ ನಿರ್ಧರಿಸುತ್ತವೆ.

ಪ್ರಶ್ನೆ: ತಪಾಸಣೆಯ ದಿನ ಬಾರನ್ನು ತೆಗೆದಿಟ್ಟು ಬಂದರೆ ಸಾಕೇ?
ಉತ್ತರ: ಸಕ್ರಮವಾದ ಭಾಗವನ್ನು ತೆಗೆಯುವ ಅಗತ್ಯವಿಲ್ಲ. ಅಕ್ರಮವಾದುದನ್ನು ಒಂದು ದಿನ ತೆಗೆದಿಟ್ಟರೆ ಉಳಿದ ದಿನಗಳ ಹೊಣೆ ತಪ್ಪುವುದಿಲ್ಲ.

ಪ್ರಶ್ನೆ: ಬ್ರೇಸ್‌ನಿಂದ ಕಾರಿನ ತೂಕ ಹೆಚ್ಚುವುದು ಸಮಸ್ಯೆಯೇ?
ಉತ್ತರ: ಸಾಮಾನ್ಯ ಸ್ಟ್ರಟ್ ಬಾರ್ ಕೆಲವೇ ಕಿಲೋಗ್ರಾಂ ತೂಗುತ್ತದೆ. ಆದರೆ ಅನೇಕ ಭಾಗಗಳನ್ನು ಒಟ್ಟಿಗೆ ಅಳವಡಿಸಿದಾಗ ನೋಂದಣಿಯಲ್ಲಿ ನಮೂದಾದ ಖಾಲಿ ತೂಕದೊಂದಿಗೆ ಹೋಲಿಸಿ ನೋಡಬೇಕು.

ಪ್ರಶ್ನೆ: ಗ್ಯಾರೇಜಿನವರು ಎಲ್ಲವೂ ಸಕ್ರಮವೆಂದು ಭರವಸೆ ನೀಡಿದ್ದಾರೆ. ಅದು ಸಾಕೇ?
ಉತ್ತರ: ಸಾಕಾಗುವುದಿಲ್ಲ. ವಾಹನದ ಹೊಣೆ ನೋಂದಾಯಿತ ಮಾಲೀಕರದು. ಸಂದೇಹವಿದ್ದಲ್ಲಿ ನೋಂದಣಿ ಪ್ರಾಧಿಕಾರದ ಲಿಖಿತ ಅಭಿಪ್ರಾಯವನ್ನೇ ಅವಲಂಬಿಸತಕ್ಕದ್ದು.

14. ಸಾರಾಂಶ

ಉತ್ತಮ ಟೈರು, ದೃಢವಾದ ಬುಷ್‌ಗಳು, ಸರಿಯಾದ ಅಲೈನ್‌ಮೆಂಟ್ ಮತ್ತು ಮಿತವಾದ ವೇಗ ಇವು ತಿರುವಿನಲ್ಲಿ ಸಣ್ಣ ಕಾರನ್ನು ಕಾಯುವ ಮೊದಲ ನಾಲ್ಕು ಸಾಧನಗಳು. ಬ್ರೇಸ್ ಅವುಗಳ ನಂತರ ಬರುವ ಐದನೆಯದು. ಅದನ್ನು ಅಳವಡಿಸುವುದಾದಲ್ಲಿ ಬೋಲ್ಟಿನಿಂದ ಬಿಗಿಯುವ, ತೆಗೆಯಬಹುದಾದ, ದಾಖಲೆಯಿರುವ ಭಾಗವನ್ನೇ ಆರಿಸಿಕೊಳ್ಳಬೇಕು. ಕತ್ತರಿಸುವ ಅಥವಾ ಬೆಸೆಯುವ ಕೆಲಸಕ್ಕೆ ಕೈ ಹಾಕಬಾರದು. ಮಾಲೀಕರು ಮುಂಚಿತವಾಗಿ ವಿಚಾರಿಸಿ ಮುಂದುವರಿದಲ್ಲಿ ವಾಹನದ ದಾಖಲೆ, ವಿಮೆ ಹಾಗೂ ಅದರಲ್ಲಿ ಪಯಣಿಸುವವರ ಜೀವ ಮೂರೂ ಸುರಕ್ಷಿತವಾಗಿರುತ್ತವೆ.